ಕಾರ್ಪೆಟ್ಟಿನ ಕೆಳಗಿನ ಬೆಸುಗೆ

ಹೋದ ವಾರ ಮಸ್ಕಿಯಲ್ಲಿ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಪಕ್ಕದ ಶೆಡ್ಡಿನಲ್ಲಿ ಯಾರೋ ಒಂದು ಆಟೋದ ಮಡ್‌ಗಾರ್ಡಿಗೆ ತಗಡಿನ ತಗ್ಗು ಮುಚ್ಚುವ ಪುಟ್ಟಿ ಮೆತ್ತಿ, ಒಣಗಿದ ಮೇಲೆ ಉಜ್ಜುತ್ತಿದ್ದರು. ಹಾಗೆ ಉಜ್ಜುವಾಗ ಒಂದು ಸಿಹಿ ವಾಸನೆ ಏಳುತ್ತದೆ, ಗಂಟಲಿಗೆ ಅಂಟಿಕೊಳ್ಳುವಂಥದ್ದು... ಅದು ಮೂಗಿಗೆ ಬಂದದ್ದೇ ತಡ, ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಮೊದಲು ಬಂದದ್ದು ಹೆದರಿಕೆ. ಅದರ ಹಿಂದೆ ಬಂದದ್ದು ಅವರ ಮುಖ.

ಸಿಂಧನೂರಿನಲ್ಲಿ ಅವರನ್ನು ಎಲ್ಲರೂ ಟಿಂಕರ್ ಚಾಚಾ ಎನ್ನುತ್ತಿದ್ದರು. ಗುದ್ದಿಸಿಕೊಂಡು ಬಂದ ಗಾಡಿಗಳ ತಗಡನ್ನು ಬಡಿದು, ಬೆಸೆದು, ಪುಟ್ಟಿ ಹಚ್ಚಿ ಮೊದಲಿನಂತೆ ಮಾಡಿಕೊಡುವುದು ಅವರ ಕೆಲಸ. ಗಂಗಾವತಿ ರಸ್ತೆಯಲ್ಲಿ ಒಂದು ಅಕ್ಕಿ ಗಿರಣಿಯ ಹಿಂದೆ ಅವರ ಶೆಡ್ಡು ಇತ್ತು. ಸಣ್ಣ ಆಳು, ಬಿಳಿ ಗಡ್ಡ, ಮುಂಗೈ ತುಂಬ ಬೆಸುಗೆಯ ಕಿಡಿ ಸಿಡಿದ ಕಲೆಗಳು. ಇಡೀ ಊರಿನ ಗಾಡಿಗಳನ್ನು ರಿಪೇರಿ ಮಾಡುವ ಅವರು ತಾವು ಮಾತ್ರ ಮೊಪೆಡ್ ಬಿಟ್ಟು ಬೇರೇನೂ ಓಡಿಸುತ್ತಿರಲಿಲ್ಲ. ಗಿರಾಕಿಯ ಕಾರನ್ನು ಶೆಡ್ಡಿನಿಂದ ಹೊರಗೆ ತರಬೇಕಾದರೂ ನಾಲ್ಕು ಜನರನ್ನು ಕರೆದು ದಬ್ಬಿಸುತ್ತಿದ್ದರು. ಅದೊಂದು ಅವರ ಹುಚ್ಚು ಎಂದು ಜನ ನಗುತ್ತಿದ್ದರು. ನಾನೂ ನಕ್ಕಿದ್ದೆ.

ನಾನು ದನದ ಡಾಕ್ಟರು. ಮನೆ ಸಿಂಧನೂರಿನಲ್ಲಿ, ಕೆಲಸ ತುರ್ವಿಹಾಳದ ಆಸ್ಪತ್ರೆಯಲ್ಲಿ. ಕಾಲುವೆ ಬಂದ ಕಾಲಕ್ಕೆ ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳಿಗೆ, ಗದ್ದೆಯ ಬದುವಿನ ಕೊಟ್ಟಿಗೆಗಳಿಗೆ ಸ್ಕೂಟರಿನ ಮೇಲೆ ಓಡಾಡಿದವಳು. ಅಂಥವಳಿಗೆ ಜಪಾನಿನ ಹಳೇ ಸ್ಪೋರ್ಟ್ಸ್ ಕಾರಿನ ಆಸೆ ಯಾಕೆ ಹತ್ತಿತು ಎಂದು ಎಲ್ಲರೂ ಕೇಳಿದರು. ನಮ್ಮ ಅಪ್ಪ ಬಸ್ ಡ್ರೈವರ್ ಆಗಿದ್ದರು. ಚಿಕ್ಕವಳಿದ್ದಾಗ ಒಮ್ಮೆ ನನ್ನನ್ನು ಹೈದರಾಬಾದಿಗೆ ಕರೆದೊಯ್ಯುತ್ತಿದ್ದರು. ಸಂಜೆಗತ್ತಲಲ್ಲಿ ಒಂದು ಕೆಂಪು ಕಾರು, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗಿನದು, ನಮ್ಮ ಬಸ್ಸಿನ ಪಕ್ಕ ಬಂದಿತು. ಅದರ ಬಾನೆಟ್ಟಿನೊಳಗಿಂದ ಎರಡು ದೀಪಗಳು ಕಣ್ಣು ತೆರೆದಂತೆ ಮೇಲೆದ್ದವು. ಅಪ್ಪ ಬ್ರೇಕು ತುಳಿದು ದಾರಿ ಬಿಟ್ಟುಕೊಟ್ಟು, "ಜಪಾನಿಂದು. ಈಗ ನೋಡ್ಕೊಂಬಿಡು, ಇನ್ನೊಮ್ಮಿ ಕಾಣಂಗಿಲ್ಲ" ಅಂದರು. ಅವರು ಯಾರಿಗೂ ದಾರಿ ಬಿಡುವ ಡ್ರೈವರ್ ಅಲ್ಲ. ಅದಕ್ಕೇ ಅದು ನನ್ನ ಮನಸ್ಸಿನಲ್ಲಿ ಉಳಿಯಿತು.

ಅಂಥದ್ದೇ ಗಾಡಿ ಹೈದರಾಬಾದಿನಲ್ಲಿ ಮಾರಾಟಕ್ಕಿದೆ ಎಂದು ಸಹೋದ್ಯೋಗಿಯೊಬ್ಬರು ಹೇಳಿದಾಗ ನನಗೆ ನಲವತ್ತು ದಾಟಿತ್ತು. ಮಾಲೀಕರು ವಯಸ್ಸಾದವರು. ಅಷ್ಟು ತಗ್ಗಿನ ಸೀಟಿಗೆ ಕೂತರೆ ಎದ್ದು ಬರಲು ಮೊಣಕಾಲು ಕೇಳುವುದಿಲ್ಲ ಎಂದು ಮಾರುತ್ತಿದ್ದರು. ಕಾಗದಪತ್ರಗಳೆಲ್ಲ ಸರಿಯಿದ್ದವು. ಬಣ್ಣ ಕೆಂಪು, ಎರಡು ಬಾಗಿಲು, ಹಿಂದೆ ಮಕ್ಕಳು ಕೂರುವಷ್ಟು ಸಣ್ಣ ಸೀಟು. ಸ್ವಿಚ್ಚು ಒತ್ತಿದರೆ ದೀಪಗಳು ಏಳುತ್ತಿದ್ದವು. ಕೀಲಿ ಕೊಡುವಾಗ ಅವರು, "ಇದರ ಬಾಡಿ ಕೆಲಸ ಮಾಡಿದವನು ನಿಮ್ಮ ಸಿಂಧನೂರಿನವನೇ ಅಂತ, ನನಗೆ ಮಾರಿದವರು ಹೇಳಿದ್ದರು" ಎಂದರು. ಒಳ್ಳೆಯ ಶಕುನ ಎಂದುಕೊಂಡೆ. ಊರಿಗೆ ಬಂದ ಮರುದಿನವೇ ಗಾಡಿಯನ್ನು ಚಾಚಾನ ಶೆಡ್ಡಿಗೆ ಒಯ್ದೆ. ಸಿಂಧನೂರಿನಿಂದ ಹೈದರಾಬಾದಿಗೆ ಹೋಗಿ ತಗಡಿನ ಕೆಲಸ ಕಲಿತು ಬಂದವರು ಅವರೊಬ್ಬರೇ.

ಶೆಡ್ಡಿನಿಂದ ಹೊರಗೆ ಬಂದವರು ಗಾಡಿ ನೋಡಿ ಬಾಗಿಲಲ್ಲೇ ನಿಂತರು. ಆಮೇಲೆ ಹತ್ತಿರ ಬಂದು ಒಂದು ಸುತ್ತು ಹಾಕಿ, ಅದರ ಚಾವಣಿಯ ಮೇಲೆ ಅಂಗೈ ಇಟ್ಟರು. ಕಾದ ಹಂಚು ಮುಟ್ಟಿದವರಂತೆ ತೆಗೆದರು.

"ಎಲ್ಲಿ ಸಿಕ್ತು ಇದು, ಡಾಕ್ಟರಮ್ಮಾ?"

"ಹೈದರಾಬಾದಿನಾಗ, ಚಾಚಾ. ನೀವ ಕೆಲಸ ಮಾಡಿದ್ದಂತಲ್ಲ ಇದಕ್ಕ?"

"ಭಾಳ ಗಾಡಿ ಮಾಡೀವಿ. ಎಲ್ಲಾ ಎಲ್ಲಿ ನೆನಪಿರ್ತಾವ" ಎಂದರು. ನನ್ನ ಮುಖ ನೋಡಲಿಲ್ಲ. ಬಾಗಿಲು ತೆಗೆದು, ಡ್ರೈವರ್ ಸೀಟಿನ ಹಿಂದೆ ಕಾರ್ಪೆಟ್ಟಿನ ಒಂದು ಮೂಲೆ ಎತ್ತಿ, ಕೈ ಒಳಗೆ ಹಾಕಿ ಬೆರಳಿನಿಂದ ತಳವನ್ನು ಸವರುತ್ತ ಹೋದರು. ಎದ್ದು ನಿಂತಾಗ ಹಣೆಯ ಮೇಲೆ ಬೆವರಿತ್ತು. "ನಾಕು ದಿನ ಇಲ್ಲೇ ಬಿಟ್ಟ ಹೋಗ್ರಿ" ಎಂದರು.

ನೋವಿರುವ ದನ ನೋವಿನ ಕಾಲನ್ನು ನಮಗೆ ತೋರಿಸುವುದಿಲ್ಲ. ನಮ್ಮ ಕಣ್ಣು ಆ ಕಡೆ ಹೋಗದ ಹಾಗೆ ಮೈ ತಿರುಗಿಸಿ ನಿಲ್ಲುತ್ತದೆ. ಚಾಚಾ ಅವತ್ತು ಹಾಗೆ ನಿಂತಿದ್ದರು. ಇಪ್ಪತ್ತು ವರ್ಷ ದನ ನೋಡಿದ ನನಗೆ ತಿಳಿಯಬೇಕಿತ್ತು...

ನಾಲ್ಕು ದಿನ ಕಳೆದು ಗಾಡಿ ತರಲು ಹೋದಾಗ ಎರಡು ಮಾತು ಹೇಳಿದರು. ನಲವತ್ತರ ಮೇಲೆ ಓಡಿಸಬೇಡಿ. ಹಿಂದಿನ ಸೀಟಿನಲ್ಲಿ ಮಗುವನ್ನು ಕೂರಿಸಬೇಡಿ. ಯಾಕೆ ಎಂದು ಕೇಳಿದೆ. "ಹಳೇ ಗಾಡಿ ಐತಿ, ಅದಕ್ಕ" ಎಂದು ಬೆನ್ನು ತಿರುಗಿಸಿದರು.

ಹಳೆಯ ಗಾಡಿ ಇಟ್ಟುಕೊಳ್ಳುವುದು ಅಂದರೆ ಏನು ಎಂದು ಆ ಬೇಸಿಗೆಯಲ್ಲಿ ತಿಳಿಯಿತು. ಭತ್ತದ ಕಟಾವಿನ ದಿನಗಳಲ್ಲಿ ಹೊಟ್ಟು ಹಾರಿ ರೇಡಿಯೇಟರಿನ ಸಂದುಗಳನ್ನು ತುಂಬಿ, ಎಂಜಿನ್ನು ಕಾದು, ಮುಳ್ಳು ಕೆಂಪು ಗೆರೆಯ ಹತ್ತಿರ ಹೋಗುತ್ತಿತ್ತು. ನೀರಿನ ರಬ್ಬರು ಪೈಪು ಒಡೆದರೆ ಬೇರೆ ಯಾವುದೋ ಗಾಡಿಯದನ್ನು ಕತ್ತರಿಸಿ ಹಾಕಬೇಕು. ಕ್ಲಚ್ಚಿನ ಒಂದು ಸಣ್ಣ ರಬ್ಬರಿಗೆ ತಿಂಗಳುಗಟ್ಟಲೆ ಕಾದೆ. ದೀಪಗಳಲ್ಲಿ ಒಂದು ಏಳುತ್ತಿತ್ತು, ಇನ್ನೊಂದು ಏಳುತ್ತಿರಲಿಲ್ಲ. ಎಂಜಿನ್ ಕೆಲಸಕ್ಕೆ ಬೇರೆ ಮಿಸ್ತ್ರಿ ಇದ್ದ. ಆದರೂ ಬಾನೆಟ್ ತೆಗೆದಾಗಲೆಲ್ಲ ಚಾಚಾ ಎಲ್ಲಿಂದಲೋ ಬಂದು ನಿಲ್ಲುತ್ತಿದ್ದರು. ಎಂಜಿನ್ನನ್ನು ಅವರು ನೋಡುತ್ತಿರಲಿಲ್ಲ. ಬಾಗಿಲನ್ನು ನೋಡುತ್ತಿದ್ದರು.

ಭಾನುವಾರ ಬೆಳಿಗ್ಗೆ ನಮ್ಮ ಮನೆಗೂ ಬರತೊಡಗಿದರು. "ಇಲ್ಲೇ ಹಾದು ಹೊಂಟಿದ್ದೆ" ಅನ್ನುತ್ತ ಮೊಪೆಡ್ ನಿಲ್ಲಿಸಿ, ಕಡ್ಡಿಪೆಟ್ಟಿಗೆಯಿಂದ ಒಂದು ಕಡ್ಡಿ ತೆಗೆದು ಬಾಗಿಲಿನ ಮೇಲಿನ ಸಂದಿಗೆ ತೂರಿಸುತ್ತಿದ್ದರು. ಒಂದೇ ಕಡ್ಡಿ ಬಿಗಿಯಾಗಿ ಹಿಡಿದರೆ ಚಹಾ ಕುಡಿದು ಹೋಗುತ್ತಿದ್ದರು. ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಭಾನುವಾರ ಎರಡು ಕಡ್ಡಿ ಹಿಡಿದವು, ಸಂದಿ ಅಷ್ಟು ಅಗಲವಾಗಿತ್ತು. ಅವತ್ತು ಚಹಾ ಬೇಡ ಎಂದರು. ಗಾಡಿಯನ್ನು ಇನ್ನೊಮ್ಮೆ ಶೆಡ್ಡಿಗೆ ತರಲು ಹೇಳಿದರು. ನಮ್ಮ ಯಜಮಾನರು ಹೈಸ್ಕೂಲ್ ಮಾಸ್ತರು, ಅವರಿಗೆ ಇದೆಲ್ಲ ತಮಾಷೆ. "ಆ ಮುದುಕಗ ನಿನ್ನ ಗಾಡಿ ಮ್ಯಾಲ ಮನಸಾಗೇದ" ಎಂದು ನಕ್ಕರು. ಅಷ್ಟರಲ್ಲಿ ದನಗಳಿಗೆ ಕಾಲುಬಾಯಿ ರೋಗದ ಲಸಿಕೆ ಹಾಕುವ ಕೆಲಸ ಶುರುವಾಗಿ, ನಾನು ಗಾಡಿ ಒಯ್ಯುವುದನ್ನು ಮುಂದಕ್ಕೆ ಹಾಕಿದೆ. ರಸ್ತೆಯ ಉಬ್ಬು ದಾಟುವಾಗ ಗಾಡಿಯ ನಡುವಿನಿಂದ 'ಟಕ್' ಎಂದು ಸಪ್ಪಳ ಬರುತ್ತಿತ್ತು. ಬಾಗಿಲನ್ನು ಸ್ವಲ್ಪ ಎತ್ತಿ ಹಾಕಬೇಕಾಗುತ್ತಿತ್ತು. ಒಳಗೊಳಗೇ ನನಗೆ ಹೆದರಿಕೆ ಹತ್ತಿತ್ತು. ಯಾತರ ಹೆದರಿಕೆ ಎಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ, ಅಷ್ಟೇ.

ಲಿಂಗಸೂಗೂರಿನಲ್ಲಿ ನನ್ನ ತಂಗಿಯ ಮಗುವಿಗೆ ಹೆಸರಿಡುವ ಕಾರ್ಯ ಇತ್ತು. ಯಜಮಾನರು, ನಾನು, ಎಂಟು ವರ್ಷದ ಮಗಳು ಹೊರಟೆವು. ಚಾಚಾ ಹೇಳಿದ್ದು ನೆನಪಿತ್ತು. ಆದರೆ ಇಬ್ಬರು ದೊಡ್ಡವರು ಮುಂದೆ ಕೂತ ಮೇಲೆ ಮಗು ಇನ್ನೆಲ್ಲಿ ಕೂರಬೇಕು? ಹಿಂದೆ ಕೂರಿಸಿದೆ. ರೇಷ್ಮೆ ಲಂಗ ಮುದುಡುತ್ತದೆ ಎಂದು ಕಾಲು ಮೇಲಿಟ್ಟುಕೊಂಡು ಕೂತಳು.

ಮಸ್ಕಿ ದಾಟುವವರೆಗೆ ನಿಧಾನಕ್ಕೇ ಬಂದೆ. ಮುಂದೆ ರಸ್ತೆ ಖಾಲಿ ಇತ್ತು. ಬೆಳಗಿನ ತಂಪು, ಎಂಜಿನ್ನು ತಾನಾಗಿಯೇ ಹಾಡುತ್ತಿತ್ತು, ಕಾಲು ಎಪ್ಪತ್ತರವರೆಗೆ ಒತ್ತಿತು. ಒಂದು ಹಳ್ಳದ ಸೇತುವೆ ಬಂತು. ಸೇತುವೆ ಶುರುವಾಗುವಲ್ಲಿ ಡಾಂಬರು ಕುಸಿದಿದ್ದು ನನಗೆ ಕಾಣಲಿಲ್ಲ.

'ಟಕ್' ಎನ್ನಲಿಲ್ಲ ಈ ಸಲ. ಒಣ ಟೊಂಗೆ ಮುರಿದಂಥ ಸಪ್ಪಳ ಬಂತು. ಮುಂದಿನ ಗಾಜಿನ ಮೂಲೆಯಿಂದ ಒಂದು ಗೆರೆ ಹೊರಟು, ನಾನು ನೋಡುತ್ತಿದ್ದಂತೆ ಇನ್ನೊಂದು ಮೂಲೆ ಮುಟ್ಟಿತು. ಯಜಮಾನರ ಕಡೆಯ ಬಾಗಿಲು ತಾನಾಗಿ ತೆರೆದುಕೊಂಡಿತು. ನನ್ನ ಸೀಟು ನನ್ನ ಕೆಳಗೆ ತಗ್ಗಿತು. ಕೈಯಲ್ಲಿ ಸ್ಟೀರಿಂಗ್ ಇತ್ತು, ಆದರೆ ಹಿಂದಿನ ಗಾಲಿಗಳು ಬೇರೆ ಯಾರದೋ ಮಾತು ಕೇಳುತ್ತಿದ್ದವು... ಸೇತುವೆಯ ಕಟ್ಟೆ ಹತ್ತಿರ ಬಂದದ್ದು ನೆನಪಿದೆ. ಬ್ರೇಕನ್ನು ಒಮ್ಮೆಲೇ ತುಳಿಯಬೇಡ ಎಂದು ಅಪ್ಪ ಕಲಿಸಿದ್ದು ಕಾಲಿಗೆ ನೆನಪಿತ್ತೇನೋ. ಸೇತುವೆ ದಾಟಿ ಮಣ್ಣಿಗೆ ಇಳಿದು ನಿಂತೆವು. ಮಗಳು ಅಳಲೂ ಇಲ್ಲ. "ಅವ್ವಾ, ನನ್ನ ಕಾಲ ಕೆಳಗ ರೋಡ್ ಕಾಣಾಕತ್ತೇತಿ" ಎಂದಳು.

ನಿಜ. ಕಾರ್ಪೆಟ್ಟು ಹರಿದು ಬೆರಳಗಲದ ಸಂದಿಯಲ್ಲಿ ಮಣ್ಣು ಕಾಣುತ್ತಿತ್ತು.

ಚಾಚಾಗೆ ಫೋನ್ ಮಾಡಿದೆ. ನಾನು ಎರಡು ಮಾತು ಹೇಳುವಷ್ಟರಲ್ಲಿ, "ಮಗೂನ ಇಳಸ್ರಿ. ಮೊದಲ ಮಗೂನ ಇಳಸ್ರಿ. ಯಾರೂ ಒಳಗ ಕುಂದರಬ್ಯಾಡ್ರಿ. ಬರಾಕತ್ತೀನಿ" ಎಂದರು. ಲಿಂಗಸೂಗೂರು ಬಸ್ಸು ಹಿಡಿದು ಒಂದು ತಾಸಿಗೆ ಬಂದರು. ನಾವು ಜಾಲಿಗಿಡದ ನೆರಳಿನಲ್ಲಿ ಕೂತಿದ್ದೆವು. ಬಸ್ಸಿನಿಂದ ಇಳಿದವರು ಗಾಡಿಯ ಕಡೆ ನೋಡಲಿಲ್ಲ. ನೆಟ್ಟಗೆ ಮಗಳ ಹತ್ತಿರ ಬಂದು, ಕಾಲು, ಕೈ, ತಲೆ ಮುಟ್ಟಿ ನೋಡಿದರು. ಆಮೇಲೆ ಅಲ್ಲೇ ಮಣ್ಣಿನಲ್ಲಿ ಕುಸಿದು ಕೂತರು.

"ಅದು ಒಂದ ಗಾಡಿ ಅಲ್ಲಮ್ಮಾ" ಎಂದರು. "ಎರಡು."

ಲಾರಿಗಾದರೆ ಕೆಳಗೆ ಭಾರ ಹೊರುವ ಕಬ್ಬಿಣದ ಚೌಕಟ್ಟು, ಚಾಸಿ, ಇರುತ್ತದಂತೆ, ಇಂಥ ಕಾರಿಗೆ ಅದಿಲ್ಲ, ಮೈಯೇ ಚಾಸಿ. ಹೈದರಾಬಾದಿನ ಒಂದು ಶೆಡ್ಡಿನಲ್ಲಿ ಅವರು ಕೆಲಸಕ್ಕಿದ್ದಾಗ ಇದೇ ಮಾದರಿಯ ಎರಡು ಕಾರುಗಳು ಬಂದಿದ್ದವಂತೆ. ಒಂದರ ಮುಂಭಾಗ ನುಜ್ಜುಗುಜ್ಜಾಗಿತ್ತು, ಇನ್ನೊಂದರ ಹಿಂಭಾಗ. ಶೆಡ್ಡಿನ ಮಾಲೀಕ ಎರಡನ್ನೂ ನಡುವೆ ಕತ್ತರಿಸಿ, ಚೆನ್ನಾಗಿ ಉಳಿದ ಎರಡು ಅರ್ಧಗಳನ್ನು ಜೋಡಿಸು ಎಂದ. ಮೂರು ದಿನ ಕೊಟ್ಟ. "ಸರಿಯಾಗಿ ಬೆಸೀಬೇಕಂದ್ರ ತಿಂಗಳ ಬೇಕು. ನಾ ಅಂಚಿಗಷ್ಟ ಬೆಸುಗಿ ಹಚ್ಚಿ, ಮ್ಯಾಲೆ ಪುಟ್ಟಿ ಮೆತ್ತಿ, ಬಣ್ಣ ಹೊಡದೆ. ಯಾರ ಕಣ್ಣಿಗೂ ಕಾಣಲಿಲ್ಲ. ಅವ ಸಾಬಾಶ್ ಅಂದ. ನನಗ ಖುಷಿ ಆತು ಅಮ್ಮಾ, ಸುಳ್ಳ ಯಾಕ ಹೇಳ್ಲಿ. ಆಮ್ಯಾಲ ಅದನ್ನ ಕೊಂಡವರು ಹೆಂಡ್ತಿ ಮಕ್ಕಳ ಜೋಡಿ ಬಂದು ಕುಂತು ಹೋದ್ರು. ಆವತ್ತಿಂದ ನನಗ ಕಾರಿನ ಒಳಗ ಕುಂದರಾಕ ಆಗಂಗಿಲ್ಲ."

"ಮೊದಲನೇ ದಿನ ಯಾಕ ಹೇಳಲಿಲ್ಲ?" ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

"ಹೆದರಿಕಿ. ಆ ನಾಕು ದಿನದಾಗ ತಳಕ್ಕ ಎರಡು ಪಟ್ಟಿ ಬಡದೆ. ಹಿಡೀತಾವ ಅನ್ಕೊಂಡೆ. ಹಿಡೀಲಿ ಅಂತ ನಮಾಜಿನಾಗ ಕೇಳ್ಕೊಂಡೆ. ನಿಮಗ ಹೇಳಾಕ ಮಾತ್ರ..."

ನಾನು ಕೂಗಾಡಲಿಲ್ಲ. "ನನ್ನ ಮಗಳು ಹಿಂದ ಕುಂತಿದ್ಲು. ಇನ್ನ ನಿಮ್ಮ ಮುಖ ತೋರಸಬ್ಯಾಡ್ರಿ ನನಗ" ಎಂದೆ. ಅವರು ತಲೆ ಎತ್ತಲಿಲ್ಲ. ಹಿಂದಿನ ಸೀಟಿನಲ್ಲಿ ಮಗುವನ್ನು ಕೂರಿಸಬೇಡಿ ಎಂದು ಅವರು ಹೇಳಿದ್ದರು, ಕೂರಿಸಿದವಳು ನಾನು. ಅದನ್ನು ಅವರು ಅವತ್ತೂ ಎತ್ತಿ ಆಡಲಿಲ್ಲ, ಮುಂದೆಯೂ ಆಡಲಿಲ್ಲ.

ಗಾಡಿ ಲಾರಿಯ ಮೇಲೆ ಮನೆಗೆ ಬಂತು. ಎರಡು ತಿಂಗಳು ಪಡಸಾಲೆಯ ಮುಂದೆ ತಾಡಪತ್ರಿ ಹೊದ್ದು ನಿಂತಿತು. ಅದರ ಹತ್ತಿರ ಆಡಲು ಮಗಳನ್ನು ಬಿಡುತ್ತಿರಲಿಲ್ಲ. ನಿದ್ದೆಯಲ್ಲಿ ಸೇತುವೆಯ ಕಟ್ಟೆ ಬರುತ್ತಿತ್ತು. ಇನ್ನು ಇದು ಬೇಡ, ಮಾರಿಬಿಡೋಣ ಎಂದು ಯಜಮಾನರು ಬೇರೆ ಊರಿನಿಂದ ಒಬ್ಬ ವೆಲ್ಡರನ್ನು ಕರೆಸಿ, ತಳಕ್ಕೆ ಒಂದಿಷ್ಟು ತಗಡು ಬಡಿಸಿ, ಹೊಸ ಗಾಜು ಹಾಕಿಸಿದರು. ಬಾಗಿಲು ಮತ್ತೆ ಸರಿಯಾಗಿ ಕೂತಿತು. ನೋಡಿದವರಿಗೆ ಏನೂ ತಿಳಿಯುತ್ತಿರಲಿಲ್ಲ.

ಗಂಗಾವತಿಯಿಂದ ಹೊಸದಾಗಿ ಮದುವೆಯಾದ ಗಂಡ ಹೆಂಡತಿ ನೋಡಲು ಬಂದರು. ಆ ಹುಡುಗನಿಗೆ ಗಾಡಿಯ ಬಗ್ಗೆ ನನಗಿಂತ ಹೆಚ್ಚು ಗೊತ್ತಿತ್ತು, ಪುಸ್ತಕದಿಂದ ತಿಳಿದದ್ದು. ಅವನು ಎಂಜಿನ್ ಶುರು ಮಾಡಿಸಿ ಕೇಳಿದ, ದೀಪ ಎಬ್ಬಿಸಿ ನೋಡಿದ. ಅವನ ಹೆಂಡತಿ ಪಕ್ಕದ ಸೀಟಿನಲ್ಲಿ ಕೂತು ಕನ್ನಡಿಯಲ್ಲಿ ಮುಖ ನೋಡಿಕೊಂಡಳು. ನಾನು ಚಹಾ ತಂದೆ. ಹೇಳಬೇಕಾದ ಮಾತು ಬಾಯಲ್ಲೇ ಇತ್ತು. ಅವರು ಚಹಾ ಕುಡಿದರು, ಬಟ್ಟಲು ಕೆಳಗಿಟ್ಟರು. ಕೊನೆಗೆ ಹುಡುಗ, "ಮೇಡಂ, ಇದಕ್ಕ ಆಕ್ಸಿಡೆಂಟ್ ಏನಾರ ಆಗೇದೇನ್ರಿ?" ಎಂದು ಕೇಳಿದ.

"ಇಲ್ಲ" ಎಂದೆ.

ಎಷ್ಟು ಸಲೀಸಾಗಿ ಬಂತು ಆ ಮಾತು... ನಾಳೆ ಬಂದು ಒಯ್ಯುತ್ತೇವೆ ಎಂದು ಅವರು ಹೋದರು. ನಾನು ಒಳಗೆ ಹೋಗಿ ಬಟ್ಟಲು ತೊಳೆಯತೊಡಗಿದೆ. ತೊಳೆದ ಬಟ್ಟಲನ್ನೇ ಇನ್ನೊಮ್ಮೆ ತೊಳೆದೆ. ಸೇತುವೆಯ ಮೇಲೆ ಆದ ಭಯಕ್ಕೂ ಇದಕ್ಕೂ ಬಹಳ ವ್ಯತ್ಯಾಸವಿತ್ತು. ಅಲ್ಲಿ ನನಗೇನಾಗುತ್ತದೋ ಎಂದು ಹೆದರಿದ್ದೆ. ಇಲ್ಲಿ ನನ್ನನ್ನು ಕಂಡು ನಾನೇ ಹೆದರಿದೆ. ಮಧ್ಯಾಹ್ನ ಊಟಕ್ಕೆ ಕೂತವಳು ಎದ್ದು ಆ ಹುಡುಗನಿಗೆ ಫೋನ್ ಮಾಡಿ, ಇದ್ದದ್ದನ್ನು ಇದ್ದಂತೆ ಹೇಳಿದೆ. ಅವನು, "ನನ್ನ ಹೆಂಡ್ತಿ ಬಸಿರಿ ಅದಾಳ್ರಿ" ಎಂದು ಫೋನ್ ಇಟ್ಟ.

ಉಟ್ಟ ಸೀರೆಯಲ್ಲೇ ಚಾಚಾನ ಶೆಡ್ಡಿಗೆ ನಡೆದೆ. ಅವರು ಒಂದು ಟ್ರ್ಯಾಕ್ಟರಿನ ಮಡ್‌ಗಾರ್ಡು ಬಡಿಯುತ್ತಿದ್ದರು. ಸುತ್ತಿಗೆ ಕೆಳಗಿಟ್ಟು ಎದ್ದು ನಿಂತರು, ಬೈಸಿಕೊಳ್ಳಲು ಸಿದ್ಧರಾದಂತೆ. "ಚಾಚಾ, ನಾನೂ ಇಲ್ಲ ಅಂದೆ" ಎಂದೆ. ಏನು, ಯಾರಿಗೆ ಎಂದು ಬಿಡಿಸಿ ಹೇಳಿದೆ. ಅವರು ಕೈಯ ಮಸಿಯನ್ನು ಬಟ್ಟೆಗೆ ಒರೆಸಿಕೊಂಡರು. ಆಮೇಲೆ, "ನೀವು ಮಧ್ಯಾಹ್ನಕ್ಕ ತಿರುಗಿ ಹೇಳೀರಿ. ನನಗ ಇಪ್ಪತ್ತ ವರ್ಷ ಹಿಡೀತು" ಎಂದರು. ಸ್ಟೂಲು ಒರೆಸಿ ಕೂರಲು ಹೇಳಿದರು. "ಗಾಡಿ ತರ್ರಿ. ಈಗ ಸರಿಯಾಗಿ ಮಾಡೋಣು."

ಮೂರು ತಿಂಗಳು ಹಿಡಿಯಿತು. ನೆಲದಲ್ಲಿ ಕಬ್ಬಿಣದ ತೊಲೆಗಳನ್ನು ಹೂತು, ಮಟ್ಟ ಹಿಡಿದು, ಗಾಡಿಯನ್ನು ಅದಕ್ಕೆ ಬಿಗಿದರು. ಬೇರೆಯವರು ಬಡಿದ ತಗಡು ಕಿತ್ತರು. ತಾವು ಬಡಿದ ಪಟ್ಟಿ ಕಿತ್ತರು. ಪುಟ್ಟಿ ಉಜ್ಜಿ ಉಜ್ಜಿ ತೆಗೆದಾಗ ಶೆಡ್ಡಿನ ತುಂಬ ಆ ಸಿಹಿ ವಾಸನೆ. ಅದರ ಕೆಳಗೆ ಹಳೆಯ ಬೆಸುಗೆ ಕಂಡಿತು, ಅವಸರದಲ್ಲಿ ಹೊಲಿದ ಗಾಯದ ಹಾಗೆ. ಅದನ್ನು ಕತ್ತರಿಸುವಾಗ ಯಾರನ್ನೂ ಹತ್ತಿರ ಬಿಡಲಿಲ್ಲ. ಕೊನೆಗೆ ಎರಡು ಅರ್ಧಗಳೂ ಬೇರೆಯಾಗಿ ನಿಂತವು. ಇದರಲ್ಲಿ ನಾವು ಕೂತಿದ್ದೆವು.

ಭಾನುವಾರಗಳಲ್ಲಿ ನಾನು ದಾರದ ಒಂದು ತುದಿ ಹಿಡಿಯುತ್ತಿದ್ದೆ, ಇನ್ನೊಂದು ತುದಿ ಅವರು. ಮೂಲೆಯಿಂದ ಮೂಲೆಗೆ ಅಳತೆ, ಅಡ್ಡ, ಉದ್ದ, ತೂಕದ ಗುಂಡು ಇಳಿಬಿಟ್ಟು ಮತ್ತೆ ಅಳತೆ. ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ ಬಿಚ್ಚುತ್ತಿದ್ದರು. ಬಾಗಿಲ ಕೆಳಗಿನ ಪಟ್ಟಿಗಳೊಳಗೆ ದಪ್ಪ ತಗಡಿನ ಪೆಟ್ಟಿಗೆ ಮಾಡಿ ಕೂರಿಸಿದರು. ಚಾವಣಿಯ ಕಂಬಗಳಿಗೆ ಒಳಗೊಂದು ಕೊಳವೆ ಇಟ್ಟು ಬೆಸೆದರು. ಒಂದು ಗೇಣು ಬೆಸೆದು, ಆರಲು ಬಿಟ್ಟು, ಇನ್ನೊಂದು ಕಡೆ ಒಂದು ಗೇಣು. ಕೈ ನಡುಗಿದ ದಿನ ಕೆಲಸ ನಿಲ್ಲಿಸಿ ಮನೆಗೆ ಹೋಗುತ್ತಿದ್ದರು. ಚಾಚಾನ ಹೆಂಡತಿ, ಚಾಚಿ, ಒಮ್ಮೆ ಬುತ್ತಿ ತಂದವರು ನನ್ನ ಪಕ್ಕ ಕೂತು, "ಈಗೀಗ ಹೊಟ್ಟಿ ತುಂಬ ಉಣ್ಣಾಕತ್ಯಾರಮ್ಮ" ಎಂದರು.

ಕೆಲಸ ಮುಗಿದ ದಿನ ನಾನು ಚಾಲೂ ಮಾಡಲು ಕೀಲಿ ತೆಗೆದುಕೊಂಡರೆ, ಚಾಚಾ ಕೈ ಚಾಚಿದರು. "ಮೊದಲ ನಾ ಕುಂದರಬೇಕು" ಎಂದರು. ಬೇಡ ಎಂದೆ. ಇಪ್ಪತ್ತು ವರ್ಷ ಓಡಿಸದವರು, ಕೈ ತಪ್ಪಿದರೆ? ಅವರು ಕೇಳಲಿಲ್ಲ. ಊರ ಹೊರಗೆ ಕಾಲುವೆಯ ದಂಡೆಯ ಮೇಲೆ ಒಂದು ಖಾಲಿ ರಸ್ತೆ ಇದೆ, ತಗ್ಗು ದಿನ್ನೆಗಳೇ ಹೆಚ್ಚು. ಅಲ್ಲಿಯವರೆಗೆ ಗಾಡಿಯನ್ನು ಲಾರಿಯ ಮೇಲೆ ಒಯ್ದು ಇಳಿಸಿದೆವು. ಅವರು ಕೂತರು, ಬಾಗಿಲು ಹಾಕಿಕೊಂಡರು, ಬಿಸ್ಮಿಲ್ಲಾ ಅಂದರು. ಗಾಡಿ ಎರಡು ಸಲ ಜಿಗಿದು ಬಂದ್ ಬಿತ್ತು. ಮೂರನೆಯ ಸಲ ಹೊರಟಿತು.

ನಾನು ತೂಬಿನ ಕಟ್ಟೆಯ ಹತ್ತಿರ ನಿಂತೆ. ಕಾಲುವೆಯಲ್ಲಿ ನೀರು ದಂಡೆ ಮುಟ್ಟುವಷ್ಟಿತ್ತು. ಗಾಡಿ ಸಣ್ಣದಾಗುತ್ತ ಹೋಯಿತು, ತಿರುವಿನಲ್ಲಿ ಮರೆಯಾಯಿತು. ಎಂಜಿನ್ನಿನ ಸಪ್ಪಳ ದೂರವಾಗಿ, ಮತ್ತೆ ಹತ್ತಿರವಾಗಿ ಸ್ವಲ್ಪ ಹೊತ್ತು ಕೇಳಿಸಿತು. ಆಮೇಲೆ ಅದೂ ನಿಂತಿತು. ಹತ್ತು ನಿಮಿಷ ಕಾದೆ. ಇನ್ನೂ ಹತ್ತು. ಭತ್ತದ ಗದ್ದೆಯ ಮೇಲೆ ಬೆಳ್ಳಕ್ಕಿಗಳು ಎದ್ದು ಕೂತವು. ನನಗೆ ನೀರಿನ ಕಡೆ ನೋಡಲು ಧೈರ್ಯವಾಗಲಿಲ್ಲ. ಚಪ್ಪಲಿ ಬಿಟ್ಟು ಓಡತೊಡಗಿದೆ.

ತಿರುವಿನ ಆಚೆ ಗಾಡಿ ರಸ್ತೆಯ ನಡುವೆ ನಿಂತಿತ್ತು. ಎಂಜಿನ್ ಬಂದ್ ಆಗಿತ್ತು. ಒಳಗೆ ಚಾಚಾ ನೆಟ್ಟಗೆ ಕೂತು ಮುಂದೆ ನೋಡುತ್ತಿದ್ದರು. ಸತ್ತರು ಎಂದುಕೊಂಡೆ. ಬಾಗಿಲು ಎಳೆದೆ, ಅದು ಹಗುರಾಗಿ ತೆರೆದುಕೊಂಡಿತು. ಅವರು ಕತ್ತು ತಿರುಗಿಸಿ ನನ್ನನ್ನು ನೋಡಿದರು.

"ಸಪ್ಪಳ ಬರಲಿಲ್ಲಮ್ಮಾ. ಮೂರ ಸಲ ಹೋಗಿ ಬಂದೆ, ದೊಡ್ಡ ತಗ್ಗಿನಾಗ ಇಳಿಸಿ ನೋಡಿದೆ. ಬರಲಿಲ್ಲ" ಎಂದರು. ಆಮೇಲೆ ಮೆಲ್ಲಗೆ, "ಕೈ ಬಿಡವಲ್ಲವು" ಎಂದರು.

ಅವರ ಬೆರಳುಗಳು ಸ್ಟೀರಿಂಗಿಗೆ ಬೆಸೆದ ಹಾಗೆ ಹಿಡಿದಿದ್ದವು. ಉಗುರುಗಳು ಬೆಳ್ಳಗಾಗಿದ್ದವು. ನಾನು ಮೊಣಕಾಲೂರಿ ಕೂತು ಕಿರುಬೆರಳಿನಿಂದ ಶುರು ಮಾಡಿದೆ. ಒಂದೊಂದನ್ನೇ ಉಜ್ಜಿ, ಬಿಸಿ ಮಾಡಿ, ಬಿಡಿಸಿದೆ. ಹತ್ತನೆಯ ಬೆರಳು ಬಿಟ್ಟಾಗ ಅವರು ಎರಡೂ ಅಂಗೈಯಿಂದ ಮುಖ ಮುಚ್ಚಿಕೊಂಡರು. ನಾನು ಕಾಲುವೆಯ ಕಡೆ ತಿರುಗಿ ನಿಂತೆ.

ಇಷ್ಟಕ್ಕೇ ಅವರ ಹೆದರಿಕೆ ತೀರಿತು ಎಂದುಕೊಂಡಿದ್ದೆ. ತೀರಿರಲಿಲ್ಲ. ಕೆಲವು ದಿನ ಬಿಟ್ಟು ಅವರೇ ಹೇಳಿದರು. ಆ ಹೈದರಾಬಾದಿನ ಶೆಡ್ಡಿನಲ್ಲಿ ಅವರು ಜೋಡಿಸಿದ್ದು ಇದೊಂದೇ ಅಲ್ಲ. ಇನ್ನೊಂದು ಇತ್ತು, ಬಿಳಿಯದು. ಅದಕ್ಕೂ ಮೂರೇ ದಿನ. ಅದನ್ನು ಹುಡುಕಿಕೊಂಡು ಎರಡು ಸಲ ಹೈದರಾಬಾದಿಗೆ ಹೋಗಿ ಬಂದರು. ಹಳೆಯ ಶೆಡ್ಡು ಇರಲಿಲ್ಲ, ಮಾಲೀಕ ತೀರಿಕೊಂಡಿದ್ದ. ಅಲ್ಲಿಯ ಗ್ಯಾರೇಜುಗಳಲ್ಲಿ ವಿಚಾರಿಸಿ ನನ್ನ ಫೋನ್ ನಂಬರನ್ನೂ ಕೊಟ್ಟು ಬಂದಿದ್ದರು. ಮೂರನೆಯ ಸಲ ಜೊತೆಗೆ ಬರಲು ನನ್ನನ್ನು ಕೇಳಿದರು, ಬರುವ ತಿಂಗಳು ಹೋಗೋಣ ಎಂದೆ. ಅಷ್ಟರಲ್ಲಿ ಅವರಿಗೆ ಉಸಿರು ಕಟ್ಟತೊಡಗಿತು. ಬೆಸುಗೆಯ ಹೊಗೆ ಕುಡಿದ ಎದೆ... ರಾಯಚೂರಿನ ಆಸ್ಪತ್ರೆಯಲ್ಲಿ ನೋಡಲು ಹೋದಾಗ ಮಾತು ನಿಂತಿತ್ತು. ಕಣ್ಣಿನಿಂದ ಕೇಳಿದರು, ಸಿಕ್ಕಿತಾ ಎಂದು. ಇಲ್ಲ ಎಂದು ತಲೆ ಆಡಿಸಿದೆ. ಸುಳ್ಳು ಹೇಳಬಹುದಿತ್ತು. ಆದರೆ ಅವರ ಎದುರು ಸುಳ್ಳು ಹೇಳುವ ಧೈರ್ಯ ನನಗಿರಲಿಲ್ಲ.

ಅವರು ಹೋಗಿ ಎರಡು ವರ್ಷವಾಯಿತು. ಶೆಡ್ಡಿನ ಜಾಗದಲ್ಲಿ ಈಗ ಗೊಬ್ಬರದ ಗೋದಾಮು ಇದೆ. ಕೆಂಪು ಗಾಡಿ ನನ್ನಲ್ಲೇ ಇದೆ, ಅರವತ್ತರ ಮೇಲೆ ಓಡಿಸುವುದಿಲ್ಲ. ಚಾಚಾ ಇದ್ದಿದ್ದರೆ ಅದೂ ಹೆಚ್ಚೇ ಅನ್ನುತ್ತಿದ್ದರು.

ಮಸ್ಕಿಯಿಂದ ಬಂದ ಮರುದಿನ ಹೈದರಾಬಾದಿನ ಒಂದು ಗ್ಯಾರೇಜಿನವರು ಫೋನಿಗೆ ಒಂದು ಫೋಟೋ ಕಳಿಸಿದರು. ನಿಜಾಮಾಬಾದಿನ ಕಡೆ ಒಂದು ಮನೆಯ ಮುಂದೆ ನಿಂತ ಬಿಳಿ ಕಾರು, ಎರಡು ಬಾಗಿಲಿನದು. ಬಾನೆಟ್ಟಿನ ಮೇಲೆ ಒಂದು ಕೂಸನ್ನು ಕೂರಿಸಿ ತೆಗೆದ ಫೋಟೋ. ಬಾಗಿಲಿನ ಮೇಲಿನ ಸಂದಿಯನ್ನು ದೊಡ್ಡದು ಮಾಡಿ ನೋಡಿದೆ. ಅಗಲವಾಗಿದೆ ಅನಿಸಿತು, ಅಲ್ಲವೆಂದೂ ಅನಿಸಿತು. ಆ ಮನೆಯವರಿಗೆ ಫೋನ್ ಮಾಡಿದೆ. ನಾನು ಯಾರು, ಯಾಕೆ ಹೆದರಿಸುತ್ತಿದ್ದೇನೆ ಎಂದು ಸಿಟ್ಟಾಗಿ ಫೋನ್ ಇಟ್ಟರು.

ಈ ಭಾನುವಾರ ಯಜಮಾನರ ಜೊತೆ ಅಲ್ಲಿಗೆ ಹೊರಟಿದ್ದೇನೆ. ಕಾರ್ಪೆಟ್ಟು ಎಲ್ಲಿ ಎತ್ತಿ ನೋಡಬೇಕೆಂದು ಆ ಮನೆಯವರಿಗೆ ತೋರಿಸಬಲ್ಲೆ. ಬೆರಳಿಗೆ ಏನು ತಾಗಿದರೆ ಏನರ್ಥ ಎಂದೂ ಹೇಳಬಲ್ಲೆ. ಹಾಗಾದರೆ ಇದನ್ನು ಸರಿ ಮಾಡುವವರು ಯಾರು ಎಂದು ಅವರು ಕೇಳಿದರೆ ಮಾತ್ರ, ನನ್ನ ಹತ್ತಿರ ಹೇಳಲು ಹೆಸರಿಲ್ಲ.